ಸೊನ್ನೆ ಡಿಗ್ರಿಯ ನದಿ: ಝಂಸ್ಕಾರ್ ಹೆಪ್ಪುಗಟ್ಟುವ ಬಗೆ

ಚಳಿಗಾಲದ ಲಡಾಖ್‌ಗೆ ಹೊರಟವರು ಮೊದಲು ಕೇಳುವುದು ‘ಅಲ್ಲಿ ನದಿ ನೀರು ಎಷ್ಟು ಡಿಗ್ರಿ ಇರುತ್ತದೆ?’ ಎಂದು. ಉತ್ತರ ಚಿಕ್ಕದು. ಜನವರಿಯಲ್ಲಿ ಝಂಸ್ಕಾರ್ ನದಿಯ ಕಮರಿಯೊಳಗೆ ನೀರು ಸೊನ್ನೆ ಡಿಗ್ರಿ ಸೆಲ್ಸಿಯಸ್‌ನಲ್ಲೇ ನಿಂತಿರುತ್ತದೆ. ಹೊರಗಿನ ಗಾಳಿ ಮೈನಸ್ 8 ಇದ್ದಾಗಲೂ ಅಷ್ಟೇ, ಮೈನಸ್ 28ಕ್ಕೆ ಇಳಿದಾಗಲೂ ಅಷ್ಟೇ. ಹಾಗಾಗಿ ಇವತ್ತು ನದಿಯ ಮೇಲೆ ಕಾಲಿಡಬಹುದೇ ಎಂಬ ಪ್ರಶ್ನೆಗೆ ನೀರಿನೊಳಗಿನ ಥರ್ಮಾಮೀಟರು ಉತ್ತರ ಹೇಳುವುದಿಲ್ಲ. ಉತ್ತರ ಇರುವುದು ಆಕಾಶದಲ್ಲಿ: ಮೋಡ ಇತ್ತೇ, ಹಿಮ ಬಿತ್ತೇ, ಕಳೆದ ಮೂರು ನಾಲ್ಕು ರಾತ್ರಿ ನಕ್ಷತ್ರ ಕಂಡವೇ. ಪ್ರತಿ ವರ್ಷ ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಿಂದ ಹೆಪ್ಪುಗಟ್ಟಿದ ಈ ನದಿಯ ಮೇಲಿನ ‘ಚಾದರ್’ ಚಾರಣಕ್ಕೆ ಹೋಗುವವರಿದ್ದಾರೆ. ಶೂ, ಜಾಕೆಟ್ಟುಗಳ ಬಗ್ಗೆ ಅವರು ಓದಿಕೊಂಡಿರುತ್ತಾರೆ. ಕಾಲಡಿಯ ನದಿ ಹೇಗೆ ಕೆಲಸ ಮಾಡುತ್ತದೆ ಎಂಬುದು ಅದಕ್ಕಿಂತ ಹೆಚ್ಚು ಮುಖ್ಯ ಎಂದು ನನ್ನ ನಂಬಿಕೆ.

ಮೊದಲು ಜಾಗ ನೋಡೋಣ. ಪೆನ್ಸಿ ಲಾ ಕಣಿವೆದಾರಿಯ ಬಳಿಯ ದ್ರಂಗ್ ದ್ರುಂಗ್ ಹಿಮನದಿಯ ಕಡೆಯಿಂದ ಬರುವ ದೋಡಾ, ಆಗ್ನೇಯದಿಂದ ಬರುವ ತ್ಸಾರಪ್, ಇವೆರಡೂ ಪದುಮ್ ಊರಿನ ಹತ್ತಿರ ಕೂಡಿ ಝಂಸ್ಕಾರ್ ಆಗುತ್ತವೆ. ಅಲ್ಲಿಂದ ನದಿ ಈಶಾನ್ಯಕ್ಕೆ ತಿರುಗಿ, ನೂರಾರು ಮೀಟರ್ ಎತ್ತರದ ಬಂಡೆಗೋಡೆಗಳ ಇಕ್ಕಟ್ಟಿನಲ್ಲಿ ಹರಿದು, ಲೇಹ್‌ನಿಂದ ಸುಮಾರು 35 ಕಿಲೋಮೀಟರ್ ದೂರದ ನಿಮ್ಮು ಎಂಬಲ್ಲಿ ಸಿಂಧೂ ನದಿಯನ್ನು ಸೇರುತ್ತದೆ. ಪದುಮ್‌ನಿಂದ ನಿಮ್ಮುವಿಗೆ ಇಳಿತ ಐನೂರು ಮೀಟರಿನ ಹತ್ತಿರ. ಚಳಿಗಾಲದಲ್ಲಿ ಕಣಿವೆದಾರಿಗಳೆಲ್ಲ ಹಿಮದಲ್ಲಿ ಮುಚ್ಚಿಹೋದಾಗ ಝಂಸ್ಕಾರಿನ ಜನಕ್ಕೆ ಹೊರಜಗತ್ತಿಗೆ ಉಳಿದಿದ್ದ ದಾರಿ ಈ ಕಮರಿಯೊಂದೇ. ಬೆಣ್ಣೆ ಹೊತ್ತು ಲೇಹ್‌ಗೆ ಮಾರಲು ಹೋಗುವವರು, ಶಾಲೆಗೆ ಮರಳುವ ಮಕ್ಕಳು, ಆಸ್ಪತ್ರೆಗೆ ಹೊರಟ ರೋಗಿಗಳು, ಎಲ್ಲರೂ ಹೆಪ್ಪುಗಟ್ಟಿದ ನದಿಯ ಮೇಲೆಯೇ ನಡೆದರು. ಇಂದು ಚಾರಣ ಎನಿಸಿಕೊಂಡಿರುವುದು ಅವರಿಗೆ ಹೆದ್ದಾರಿಯಾಗಿತ್ತು.

ಸೊನ್ನೆಯ ಕಥೆಗೆ ಬರೋಣ. ಶಾಲೆಯಲ್ಲಿ ನಾವು ಓದಿದ್ದು ಕೆರೆಯ ಪಾಠ: ನೀರು 4 ಡಿಗ್ರಿಯಲ್ಲಿ ಅತಿ ಹೆಚ್ಚು ಸಾಂದ್ರ, ಆ ನೀರು ತಳಕ್ಕಿಳಿಯುತ್ತದೆ, ಇನ್ನೂ ತಣ್ಣಗಾದದ್ದು ಮೇಲೆ ಉಳಿದು ಹೆಪ್ಪುಗಟ್ಟುತ್ತದೆ, ಕೆಳಗೆ ಮೀನು ಬದುಕುತ್ತದೆ. ನಿಂತ ನೀರಿಗೆ ಇದು ಸರಿ. ಬಂಡೆಗಳ ನಡುವೆ ಕಲಕಿಕೊಂಡು ಓಡುವ ನದಿಗೆ ಈ ಪಾಠ ಒಗ್ಗುವುದಿಲ್ಲ. ಅಲ್ಲಿ ಮೇಲಿನ ನೀರು ಕ್ಷಣಕ್ಷಣಕ್ಕೂ ಕೆಳಗೆ, ಕೆಳಗಿನದು ಮೇಲೆ. ಆದ್ದರಿಂದ ತಳದಿಂದ ಮೇಲ್ಮೈವರೆಗೆ ಇಡೀ ನದಿ ಒಟ್ಟಿಗೇ ತಣ್ಣಗಾಗುತ್ತಾ ಸೊನ್ನೆಗೆ ಬಂದು ಮುಟ್ಟುತ್ತದೆ.

ಅಲ್ಲಿಂದ ಕೆಳಗೆ ಅದು ಇಳಿಯದಿರುವುದಕ್ಕೆ ಕಾರಣ ಗುಪ್ತೋಷ್ಣ. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ತಣ್ಣಗಾಗಿಸಲು ಒಂದು ಕ್ಯಾಲೊರಿ ಶಾಖ ಹೊರಹೋದರೆ ಸಾಕು. ಅದೇ ಒಂದು ಗ್ರಾಂ ನೀರು ಸೊನ್ನೆಯಲ್ಲಿ ಮಂಜುಗಡ್ಡೆಯಾಗಬೇಕಾದರೆ ಸುಮಾರು 80 ಕ್ಯಾಲೊರಿ ಬಿಟ್ಟುಕೊಡಬೇಕು. ಕಮರಿಯ ಚಳಿ ನದಿಯಿಂದ ಎಷ್ಟೇ ಶಾಖ ಕಿತ್ತುಕೊಂಡರೂ ನೀರು ಇನ್ನಷ್ಟು ತಣ್ಣಗಾಗುವ ಬದಲು ಇನ್ನಷ್ಟು ಗಡ್ಡೆಯಾಗುತ್ತದೆ. ಬದಲಾಗುವುದು ನೀರಿನ ತಾಪಮಾನವಲ್ಲ, ಗಡ್ಡೆಯ ಪ್ರಮಾಣ.

ಒಂದು ಸಣ್ಣ ಅಪವಾದವಿದೆ, ನದಿ ಹೆಪ್ಪುಗಟ್ಟುವ ಗುಟ್ಟೆಲ್ಲ ಅದರಲ್ಲೇ ಇದೆ. ನಿರಭ್ರ ರಾತ್ರಿಯಲ್ಲಿ ತೆರೆದ ನೀರು ಸೊನ್ನೆಗಿಂತ ಡಿಗ್ರಿಯ ಕೆಲವು ನೂರನೇ ಭಾಗದಷ್ಟು ಕೆಳಗಿಳಿಯುತ್ತದೆ. ಮೈನಸ್ 0.02, ಮೈನಸ್ 0.05, ಅಷ್ಟೇ. ಅಷ್ಟಾದರೆ ಸಾಕು, ನೀರಿನೊಳಗೆಲ್ಲ ಒಂದೆರಡು ಮಿಲಿಮೀಟರ್ ಅಗಲದ ತೆಳು ಹಿಮಬಿಲ್ಲೆಗಳು ಹುಟ್ಟಿಕೊಳ್ಳುತ್ತವೆ. ವಿಜ್ಞಾನಿಗಳು ಇದನ್ನು ಫ್ರೇಜಿಲ್ ಎನ್ನುತ್ತಾರೆ. ಈ ಬಿಲ್ಲೆಗಳು ಒಂದಕ್ಕೊಂದು ಅಂಟಿ ತೇಲಿ ಬಂದಾಗ ನದಿ ಸಬ್ಬಕ್ಕಿ ಗಂಜಿ ಹರಿದಂತೆ ಕಾಣುತ್ತದೆ. ಕೆಲವು ಬಿಲ್ಲೆಗಳು ತಳದ ಕಲ್ಲುಗಳಿಗೇ ಕಚ್ಚಿಕೊಂಡು ಬೆಳೆಯುತ್ತವೆ. ಬಿಸಿಲೇರಿದ ಮೇಲೆ ಅಂಥ ತಳದ ಗಡ್ಡೆ ಕಿತ್ತು, ಕೆಲವೊಮ್ಮೆ ಮರಳು, ಬೆಣಚುಕಲ್ಲುಗಳನ್ನೂ ಎತ್ತಿಕೊಂಡು ಮೇಲಕ್ಕೆ ಬರುತ್ತದೆ. ತಿಳಿಯಾದ ಹಿಮದ ಹಲಗೆಯ ನಡುವೆ ಕಲ್ಲು ಸಿಕ್ಕಿಕೊಂಡಿದ್ದರೆ ಅದು ಮೇಲಿನಿಂದಲೇ ಬಿದ್ದಿರಬೇಕೆಂದಿಲ್ಲ.

ತೇಲುವ ಗಂಜಿ ಗಟ್ಟಿಯಾಗುತ್ತಾ ದುಂಡು ತಟ್ಟೆಗಳಾಗುತ್ತದೆ. ಒಂದಕ್ಕೊಂದು ಉಜ್ಜಿ ಅವುಗಳ ಅಂಚು ಮೇಲೆದ್ದಿರುತ್ತದೆ. ಇತ್ತ ನೀರು ನಿಧಾನವಾಗಿರುವ ದಡದ ಮಗ್ಗುಲಲ್ಲಿ, ತಿರುವುಗಳ ಒಳಬದಿಯಲ್ಲಿ, ದಡದಿಂದಲೇ ಒಂದು ಹಲಗೆ ನದಿಯ ಒಳಕ್ಕೆ ಬೆಳೆಯುತ್ತಾ ಬರುತ್ತದೆ. ಎರಡೂ ದಡದ ಹಲಗೆಗಳ ನಡುವೆ ದಾರಿ ಕಿರಿದಾದಲ್ಲಿ ತಟ್ಟೆಗಳು ಸಿಕ್ಕಿಬೀಳುತ್ತವೆ. ಅಲ್ಲಿ ಸೇತುವೆ ಕಟ್ಟಿಕೊಳ್ಳುತ್ತದೆ. ಹಿಂದಿನಿಂದ ಬಂದ ತಟ್ಟೆಗಳು ಅದಕ್ಕೆ ಒತ್ತಿ ನಿಂತು, ಹೊದಿಕೆ ಮೇಲ್ಹೊಳೆಯ ಕಡೆಗೆ ಬೆಳೆಯುತ್ತದೆ. ಚಾದರ್ ಹುಟ್ಟುವುದು ಹೀಗೆ: ಒಂದು ಕಡೆ ನುಣುಪಾದ ಗಾಜಿನ ಹಲಗೆ, ಹತ್ತು ಹೆಜ್ಜೆ ಮುಂದೆ ತಟ್ಟೆಗಳು ಬೆಸೆದುಕೊಂಡ ಒರಟು ನೆಲ, ಅದರಾಚೆ ನಡುವೆ ಬಾಯ್ದೆರೆದು ಓಡುವ ನೀರು. ಇಡೀ ನದಿ ಒಂದೇ ಹಾಸಾಗಿ ಗಟ್ಟಿಯಾಗಿರುತ್ತದೆ ಎಂದು ಫೋಟೊ ನೋಡಿ ಭಾವಿಸಿದವರಿಗೆ ಅಲ್ಲಿ ಮೊದಲ ದಿನವೇ ಆಶ್ಚರ್ಯವಾಗುತ್ತದೆ.

ಬೇಸಿಗೆಯಲ್ಲಿ ಕೆಸರುಬಣ್ಣದಲ್ಲಿ ಅಬ್ಬರಿಸುವ ಈ ನದಿ ಚಳಿಗಾಲದಲ್ಲಿ ಹಾಸು ಹೊದೆಯಲು ಒಪ್ಪುವುದು ಹರಿವು ತಗ್ಗುವುದರಿಂದ. ಹಿಮನದಿಗಳ ಕರಗುವಿಕೆ ನಿಂತು, ನೆಲದೊಳಗಿನ ಒರತೆಯ ನೀರಷ್ಟೇ ಹರಿಯುತ್ತದೆ. ಬಣ್ಣವೂ ತಿಳಿಹಸಿರು, ನೀಲಿಗೆ ತಿರುಗುತ್ತದೆ. ಆದರೆ ಆ ಒರತೆಗಳೇ ಅಪಾಯದ ಜಾಗಗಳೂ ಹೌದು. ನೆಲದಿಂದ ಬರುವ ನೀರು ಸೊನ್ನೆಗಿಂತ ಬೆಚ್ಚಗಿರುತ್ತದೆ. ಅದು ನದಿಗೆ ಸೇರುವಲ್ಲಿ ಗಡ್ಡೆ ಕೆಳಗಿನಿಂದ ಸವೆದು ತೆಳುವಾಗಿರುತ್ತದೆ, ಮೇಲಿನಿಂದ ಗೊತ್ತಾಗುವುದಿಲ್ಲ. ಉಪನದಿ, ತೊರೆಗಳು ಕೂಡುವ ಬಾಯಿ ಕಂಡರೆ ಅಲ್ಲಿನ ಮಾರ್ಗದರ್ಶಕರು ಸುತ್ತುಹಾಕಿ ಹೋಗುವುದು ಇದಕ್ಕೇ. ಇಳಿಜಾರೂ ಶಾಖ ಕೊಡುತ್ತದೆ. ನೂರು ಮೀಟರ್ ಧುಮುಕಿದ ನೀರಿಗೆ ಘರ್ಷಣೆಯಿಂದಲೇ ಕಾಲು ಡಿಗ್ರಿಯಷ್ಟು ಬಿಸಿ ಸಿಗುತ್ತದೆ. ಹೆಪ್ಪುಗಟ್ಟುತ್ತಿರುವ ನದಿಯಲ್ಲಿ ಆ ಬಿಸಿ ತಾಪಮಾನವನ್ನು ಏರಿಸದೆ ಗಡ್ಡೆಯನ್ನು ಕರಗಿಸುತ್ತದೆ. ಜಾರುಗಳಲ್ಲಿ, ಬಂಡೆ ಹಾಯುವಲ್ಲಿ ಗಡ್ಡೆ ಕೂರದಿರಲು ವೇಗದ ಜೊತೆ ಇದೂ ಒಂದು ಕಾರಣ.

ಈಗ ಆಕಾಶದ ವಿಚಾರ. ಸೊನ್ನೆ ಡಿಗ್ರಿಯ ನೀರೂ ಶಾಖ ಸೂಸುತ್ತದೆ. ಪ್ರತಿ ಚದರ ಮೀಟರಿಗೆ ಸುಮಾರು 315 ವ್ಯಾಟ್, ಅವಗೆಂಪು ಕಿರಣಗಳ ರೂಪದಲ್ಲಿ. ಆಕಾಶ ತಿಳಿಯಾಗಿದ್ದರೆ, ಅದರಲ್ಲೂ ಲಡಾಖ್‌ನಷ್ಟು ಎತ್ತರದ ಒಣಗಾಳಿಯಲ್ಲಿ, ಅದರ ದೊಡ್ಡ ಪಾಲು ಹಿಂದಿರುಗುವುದಿಲ್ಲ. ಮೋಡ ಮುಚ್ಚಿದ್ದರೆ ಮೋಡವೂ ಕೆಳಮುಖವಾಗಿ ಶಾಖ ಸೂಸುವುದರಿಂದ ನಷ್ಟ ಅರ್ಧದಷ್ಟಕ್ಕೆ ಇಳಿದುಬಿಡಬಹುದು. ತೆರೆದ ನೀರಿನಿಂದ ಪ್ರತಿ ಚದರ ಮೀಟರಿಗೆ 200 ವ್ಯಾಟ್ ನಿವ್ವಳ ಶಾಖ ಹೋಗುತ್ತಿದೆ ಎಂದುಕೊಳ್ಳಿ. ಹದಿನಾಲ್ಕು ಗಂಟೆಯ ಜನವರಿ ರಾತ್ರಿಯಲ್ಲಿ ಸುಮಾರು ಮೂರು ಸೆಂಟಿಮೀಟರಿನಷ್ಟು ಗಡ್ಡೆ ಹುಟ್ಟಿಸಲು ಅದು ಸಾಕು. ಮೋಡದ ರಾತ್ರಿಯಲ್ಲಿ ಅದರ ಅರ್ಧವೂ ಕಷ್ಟ. ‘ಮೋಡ ಬಂದಿದೆ, ಚಳಿ ಕಡಿಮೆ’ ಎಂದು ಹೊಸಬರು ನೆಮ್ಮದಿಪಡುವ ದಿನವೇ ಝಂಸ್ಕಾರಿಗಳ ಮುಖದಲ್ಲಿ ಚಿಂತೆ ಕಾಣುತ್ತದೆ. ಚಳಿ ಕಡಿಮೆಯಾಗಿದೆ ಎಂದರೆ ನೆಲ ದುರ್ಬಲವಾಗುತ್ತಿದೆ ಎಂದರ್ಥ.

ಈ ಮೋಡಗಳನ್ನು ಹೊತ್ತು ತರುವುದು ಮೆಡಿಟರೇನಿಯನ್ ಕಡೆಯಿಂದ ಇರಾನ್, ಅಫ್ಘಾನಿಸ್ತಾನ ದಾಟಿ ಬರುವ ಪಶ್ಚಿಮದ ಪ್ರಕ್ಷುಬ್ಧತೆ. ಚಳಿಗಾಲದಲ್ಲಿ ತಿಂಗಳಿಗೆ ಹಲವು ಬಾರಿ ಇದು ಹಿಮಾಲಯಕ್ಕೆ ಬಂದು ಮುಟ್ಟುತ್ತದೆ. ಕಾಶ್ಮೀರದಲ್ಲಿ ಹೆಚ್ಚು ಹಿಮ ಸುರಿಸಿ, ಉಳಿದದ್ದನ್ನು ಝಂಸ್ಕಾರಿಗೆ ತರುತ್ತದೆ. ದೆಹಲಿಯ ಚಳಿಮಳೆಯ ಸುದ್ದಿಯಲ್ಲಿ ಕೇಳುವ ಹೆಸರೂ ಇದೇ. ಚಾದರಿಗೆ ಹೊರಡುವವರು ಹವಾಮಾನ ವರದಿಯಲ್ಲಿ ಗಮನಿಸಬೇಕಾದ ಸಾಲು ಯಾವುದೆಂದರೆ ಇದೊಂದೇ ಎನ್ನುವೆ. ಲೇಹ್‌ನ ಕನಿಷ್ಠ ತಾಪಮಾನದ ಅಂಕಿಯನ್ನು ಆಮೇಲೆ ನೋಡಿದರೂ ಆದೀತು. ಲೇಹ್ ಇರುವುದು ಸುಮಾರು 3,500 ಮೀಟರ್ ಎತ್ತರದ ಅಗಲ ಕಣಿವೆಯಲ್ಲಿ, ಬಿಸಿಲು ಧಾರಾಳ. ಕಮರಿಯ ತಳಕ್ಕೆ ರಾತ್ರಿ ಬೆಟ್ಟದ ಮಗ್ಗುಲಿನಿಂದ ಭಾರವಾದ ತಣ್ಣನೆ ಗಾಳಿ ಇಳಿದು ಮಡುಗಟ್ಟುತ್ತದೆ. ಹಗಲಿನಲ್ಲೂ ಅಲ್ಲಿಗೆ ಸೂರ್ಯ ಬರುವುದು ಅಪರೂಪ. ಜನವರಿ ನಡುವಿನಲ್ಲಿ ಮಧ್ಯಾಹ್ನದ ಸೂರ್ಯ ಬೆಂಗಳೂರಿನಲ್ಲಿ ದಿಗಂತದಿಂದ 56 ಡಿಗ್ರಿ ಎತ್ತರದಲ್ಲಿದ್ದರೆ ಝಂಸ್ಕಾರಿನಲ್ಲಿ 35 ಡಿಗ್ರಿಗೆ ನಿಲ್ಲುತ್ತಾನೆ. ಎತ್ತರದ ಗೋಡೆಗಳ ನಡುವೆ ಎಷ್ಟೋ ಕಡೆ ಅಷ್ಟು ಸಾಲದು. ಕಮರಿ ದಕ್ಷಿಣಕ್ಕೆ ತೆರೆದುಕೊಂಡ ತಾಣಗಳಲ್ಲಿ ಮಾತ್ರ ಒಂದೆರಡು ಗಂಟೆ ಬಿಸಿಲು ಬಿದ್ದು, ಅಲ್ಲೇ ಗಡ್ಡೆ ಮೊದಲು ಸಡಿಲವಾಗುತ್ತದೆ.

ಹಿಮ ಬಿದ್ದರೆ ಗಡ್ಡೆ ಗಟ್ಟಿಯಾಗುತ್ತದೆ ಎಂದು ನಮ್ಮ ಕಡೆಯವರು ಸುಲಭವಾಗಿ ನಂಬುತ್ತಾರೆ. ಆಗುವುದು ತದ್ವಿರುದ್ಧ. ಹೊಸದಾಗಿ ಬಿದ್ದ ಹಿಮದ ತುಂಬ ಗಾಳಿ. ಶಾಖ ಸಾಗಿಸುವುದರಲ್ಲಿ ಅದು ಗಟ್ಟಿ ಮಂಜುಗಡ್ಡೆಯ ಹತ್ತನೇ ಒಂದು ಪಾಲಿಗಿಂತ ಕಡಿಮೆ. ಒಂದು ಗೇಣು ಹಿಮ ಕೂತರೆ ಕೆಳಗಿನ ಗಡ್ಡೆ ಬೆಳೆಯುವುದೇ ನಿಂತಂತೆ. ಮೇಲಾಗಿ ಬಿರುಕು, ತೂತುಗಳನ್ನೆಲ್ಲ ಅದು ಮರೆಮಾಡುತ್ತದೆ. ಹಿಮವಿಲ್ಲದಿದ್ದರೂ ಗಡ್ಡೆಯ ಬೆಳವಣಿಗೆ ದಿನಗಳೆದಂತೆ ನಿಧಾನವಾಗುತ್ತದೆ. ತನ್ನ ದಪ್ಪವೇ ನೀರಿಗೆ ರಕ್ಷಣೆಯಾಗಿಬಿಡುತ್ತದೆ. ಚಳಿ ಒಂದೇ ಸಮ ಇದ್ದರೆ, ಎರಡರಷ್ಟು ದಪ್ಪವಾಗಲು ಸರಿಸುಮಾರು ನಾಲ್ಕರಷ್ಟು ಕಾಲ ಬೇಕು. ಎರಡು ದಿನದಲ್ಲಿ ಕಟ್ಟಿದ ಹಲಗೆ ಇನ್ನೆರಡು ದಿನಕ್ಕೆ ಇಮ್ಮಡಿಯಾದೀತು ಎಂಬ ಲೆಕ್ಕ ಇಲ್ಲಿ ತಪ್ಪುತ್ತದೆ.

ಎಷ್ಟು ದಪ್ಪ ಇದ್ದರೆ ಸಾಕು? ಚಳಿದೇಶಗಳಲ್ಲಿ ಸರೋವರದ ತಿಳಿಯಾದ ಗಡ್ಡೆ ಹತ್ತು ಸೆಂಟಿಮೀಟರ್ ಇದ್ದರೆ ಒಬ್ಬರು ನಡೆಯಬಹುದು ಎನ್ನುತ್ತಾರೆ. ಗಾಳಿಗುಳ್ಳೆ ತುಂಬಿದ ಬಿಳಿ ಗಡ್ಡೆಯಾದರೆ ಬಲ ಅರ್ಧವೆಂದು ಲೆಕ್ಕ. ನದಿಯಲ್ಲಿ ಆ ಮಾತನ್ನು ನೆಚ್ಚಿಕೊಳ್ಳಬಾರದು, ಏಕೆಂದರೆ ಹತ್ತಡಿ ಅಂತರದಲ್ಲಿ ದಪ್ಪ ಬದಲಾಗುತ್ತದೆ. ಜೊತೆಗೆ ನೀರಿನ ಮಟ್ಟ ಬೇರೆ ಏರಿಳಿಯುತ್ತದೆ. ಹೊದಿಕೆ ಕಟ್ಟಿಕೊಂಡಾಗ ಹರಿಯುವ ನೀರಿಗೆ ತಳದ ಜೊತೆ ಮೇಲಿನಿಂದಲೂ ತಡೆ ಸಿಗುತ್ತದೆ. ಆಗ ಮಟ್ಟ ಏರಿ, ಬಿರುಕುಗಳಿಂದ ನೀರು ಉಕ್ಕಿ ಗಡ್ಡೆಯ ಮೇಲೆಯೇ ಹರಿಯುತ್ತದೆ. ಕೆಲವೊಮ್ಮೆ ಪಾದದಷ್ಟು, ಕೆಲವೊಮ್ಮೆ ಮೊಣಕಾಲಿನಷ್ಟು. ರಾತ್ರಿ ಅದೂ ಹೆಪ್ಪುಗಟ್ಟಿ ಪದರದ ಮೇಲೆ ಪದರ ಬೆಳೆಯುತ್ತದೆ, ನಡುವೆ ನೀರು ಉಳಿದುಬಿಡುವುದೂ ಉಂಟು. ಮಟ್ಟ ಇಳಿದಾಗ ಹಲಗೆಯ ಕೆಳಗೆ ಟೊಳ್ಳಾಗುತ್ತದೆ. ನೀರಿನ ಆಸರೆ ತಪ್ಪಿದ ಆ ಗಡ್ಡೆ ನೋಡಲು ಭದ್ರ, ತೂಕ ಬಿದ್ದರೆ ಕುಸಿಯುತ್ತದೆ. ಅಲ್ಲಿನ ಮಾರ್ಗದರ್ಶಕರು ಕೋಲಿನಿಂದ ಕುಟ್ಟಿ ಸದ್ದು ಕೇಳುತ್ತಾರೆ. ಗಟ್ಟಿಯಾದದ್ದಕ್ಕೂ ಟೊಳ್ಳಾದದ್ದಕ್ಕೂ ಸದ್ದು ಬೇರೆ. ಬಾಲ್ಯದಿಂದ ಕೇಳಿ ಪಳಗಿದ ಆ ಕಿವಿಗೆ ಬದಲಿಯಾಗಿ ಕೊಳ್ಳಬಹುದಾದ ಉಪಕರಣ ಯಾವುದೂ ಇಲ್ಲ. ಅವರು ದುಬಾರಿ ಚಾರಣ ಶೂ ಬಿಟ್ಟು ರಬ್ಬರ್ ಗಂಬೂಟು ತೊಡುವುದಕ್ಕೂ ಈ ಉಕ್ಕುನೀರೇ ಕಾರಣ.

ಮಟ್ಟದ ಆಟ ಮೇಲ್ಹೊಳೆಯಿಂದಲೂ ಬರಬಹುದು. 2014ರ ಡಿಸೆಂಬರ್ 31ರಂದು ತ್ಸಾರಪ್ ಕಣಿವೆಯ ಮೇಲ್ಭಾಗದ ಫುಕ್ತಲ್ ನದಿಗೆ ಬೆಟ್ಟ ಕುಸಿದು ಅಡ್ಡಬಿತ್ತು. ಹಿಂದೆ ಉದ್ದನೆಯ ಸರೋವರ ತುಂಬಿಕೊಂಡು, 2015ರ ಮೇ 7ರಂದು ಒಡೆದು ಕೆಳಗಿನ ಸೇತುವೆಗಳನ್ನು ಕೊಚ್ಚಿಕೊಂಡು ಹೋಯಿತು. ಇಂಥದ್ದು ಅಪರೂಪ. ಗಡ್ಡೆ ಒಡೆದು ದಾರಿ ಕಡಿಯುವುದು ಅಪರೂಪವಲ್ಲ. 2020ರ ಜನವರಿಯಲ್ಲಿ ಚಾದರ್ ದಾರಿಯ ನೆರಕ್ ಹಳ್ಳಿಯ ಬಳಿ ಸಿಕ್ಕಿಕೊಂಡ ಹತ್ತಾರು ಚಾರಣಿಗರನ್ನು ವಾಯುಪಡೆಯ ಹೆಲಿಕಾಪ್ಟರುಗಳು ಹೊರತರಬೇಕಾಯಿತು. ಜನವರಿಯ ನಟ್ಟನಡುವೆ, ಚಾದರ್ ಅತ್ಯಂತ ಗಟ್ಟಿಯಿರಬೇಕಾದ ದಿನಗಳಲ್ಲೇ ಅದಾದದ್ದು.

ಗಾಳಿ ಬೀಸಿದರೆ ಏನಾಗುತ್ತದೆ ಎಂಬುದನ್ನೂ ಸರಿಯಾಗಿ ತಿಳಿದಿರಬೇಕು. ಮೈನಸ್ 20 ಡಿಗ್ರಿಯಲ್ಲಿ ಗಂಟೆಗೆ 30 ಕಿಲೋಮೀಟರ್ ಗಾಳಿ ಎದ್ದರೆ ತೆರೆದ ಚರ್ಮಕ್ಕೆ ಅದು ಮೈನಸ್ 33ರಂತೆ ತಾಗುತ್ತದೆ. ಅರ್ಧ ಗಂಟೆಯೊಳಗೆ ಮೂಗು, ಕಿವಿ, ಬೆರಳ ತುದಿ ಹೆಪ್ಪುಗಟ್ಟುವಷ್ಟು ಚಳಿ ಅದು. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ನಮ್ಮ ಮೈಗೆ ಇರುವ ಚಳಿಯ ಅನುಭವವೆಲ್ಲ ಅಲ್ಲಿಗೇ ಮುಗಿಯುತ್ತದೆ, ಬೆರಳು ಮರಗಟ್ಟಿದ್ದು ಅಪಾಯದ ಗುರುತೆಂದು ಅದಕ್ಕೆ ಹೊಳೆಯುವುದಿಲ್ಲ. ಚರ್ಮ ಬಿಳಿಚಿ ಸ್ಪರ್ಶ ಗೊತ್ತಾಗದಿದ್ದರೆ ಉಜ್ಜಬೇಡಿ, ಬೆಂಕಿಗೆ ಹಿಡಿಯಬೇಡಿ. ಮರಗಟ್ಟಿದ ಬೆರಳಿಗೆ ಸುಟ್ಟದ್ದೂ ತಿಳಿಯುವುದಿಲ್ಲ. ಮತ್ತೆ ಹೆಪ್ಪುಗಟ್ಟುವ ಭಯವಿಲ್ಲದ ಜಾಗ ತಲುಪಿದ ಮೇಲೆ 37ರಿಂದ 39 ಡಿಗ್ರಿಯ ಉಗುರುಬೆಚ್ಚಗಿನ ನೀರಿನಲ್ಲಿ ಇಳಿಬಿಡಿ.

ಬೆಳಗಿನಲ್ಲಿ ತೆರೆದ ನೀರಿನ ಮೇಲೆ ಹಬೆ ಏಳುವುದನ್ನು ಕಂಡು ನೀರು ಬೆಚ್ಚಗಿದೆ ಎಂದುಕೊಂಡವರಿದ್ದಾರೆ. ಧನುರ್ಮಾಸದಲ್ಲಿ ತುಂಗೆಯ ಮೇಲೆ ಕಾಣುವ ಹಬೆಗೂ ಇದಕ್ಕೂ ನಿಯಮ ಒಂದೇ. ನೀರು ಗಾಳಿಗಿಂತ ಬೆಚ್ಚಗಿದ್ದರೆ ಆವಿ ತಣ್ಣನೆ ಗಾಳಿ ಸೇರಿದೊಡನೆ ಹನಿಯಾಗುತ್ತದೆ. ಮೈನಸ್ 25ರ ಗಾಳಿಗೆ ಸೊನ್ನೆಯ ನೀರು ಬೆಚ್ಚಗೇ. ನಮ್ಮ ಮೈಗೆ ಅದು ಮಾರಕ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗದಲ್ಲಿ ಮೈಶಾಖ ಕಸಿಯುತ್ತದೆ. ಕೆನಡಾದ ಸಂಶೋಧಕ ಗಾರ್ಡನ್ ಗೀಸ್‌ಬ್ರೆಕ್ಟ್ ಇದಕ್ಕೊಂದು ಸುಲಭ ಲೆಕ್ಕ ಕೊಟ್ಟಿದ್ದಾರೆ: ಬಿದ್ದ ಮೊದಲ ಒಂದು ನಿಮಿಷ ಉಸಿರು ಹಿಡಿತಕ್ಕೆ ತಂದುಕೊಳ್ಳಲು, ಮುಂದಿನ ಹತ್ತು ನಿಮಿಷ ಕೈಕಾಲು ಆಡುವವರೆಗೆ ಹೊರಬರಲು, ಪ್ರಜ್ಞೆ ತಪ್ಪಲು ಸುಮಾರು ಒಂದು ಗಂಟೆ. ಹೆದರಿ ಏದುಸಿರು ಬಿಡುವ ಮೊದಲ ನಿಮಿಷದಲ್ಲೇ ನೀರು ಕುಡಿದು ಮುಳುಗುವವರು ಹೆಚ್ಚು. ಹರಿವ ನದಿಯಲ್ಲಂತೂ ಪ್ರವಾಹ ಗಡ್ಡೆಯ ಕೆಳಕ್ಕೆ ಎಳೆಯುತ್ತದೆ. ಅದಕ್ಕೇ ತೆಳುವೆನಿಸುವ ಕಡೆ ಬೆನ್ನುಚೀಲದ ಸೊಂಟದ ಪಟ್ಟಿ ಬಿಚ್ಚಿಕೊಂಡು, ಒಬ್ಬರಿಂದೊಬ್ಬರು ದೂರ ಬಿಟ್ಟು, ಕಾಲೆತ್ತದೆ ಜಾರಿಸುತ್ತಾ ನಡೆಯಬೇಕು. ಕಾಲಡಿ ಸೀಳುವ ಸದ್ದು ಬಂದರೆ ಮಲಗಿ ಭಾರ ಹಂಚಿ, ಬಂದ ದಾರಿಯಲ್ಲೇ ತೆವಳಿ ಹಿಂದಿರುಗಿ. ಬಿದ್ದೇಬಿಟ್ಟರೆ ಮೊಣಕೈಗಳನ್ನು ಅಂಚಿನ ಮೇಲಿಟ್ಟು, ಕಾಲು ಬಡಿದು ಮೈಯನ್ನು ಅಡ್ಡಕ್ಕೆ ತಂದು ಜಾರಿ ಮೇಲೆ ಬನ್ನಿ. ಎದ್ದು ನಿಲ್ಲದೆ ಉರುಳಿಕೊಂಡೇ ದೂರ ಸರಿಯಿರಿ. ಪ್ಲಾಸ್ಟಿಕ್ ಚೀಲದಲ್ಲಿ ಒಂದು ಜೊತೆ ಒಣಬಟ್ಟೆ, ಎರಡು ಜೊತೆ ಉಣ್ಣೆ ಕಾಲುಚೀಲ ಕೈಗೆ ಸಿಗುವಂತಿರಲಿ.

ಎತ್ತರದ ವಿಚಾರವನ್ನು ಇಲ್ಲಿ ಒಂದೇ ಮಾತಿನಲ್ಲಿ ಹೇಳುವೆ. ಲೇಹ್‌ನಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಮೂರನೇ ಎರಡು ಪಾಲು. ಅಲ್ಲಿ ಕೆಲವು ದಿನ ತಂಗಿ, ವೈದ್ಯರ ತಪಾಸಣೆ ಮುಗಿಸಿಯೇ ನದಿಗಿಳಿಯಬೇಕು.

ಜನವರಿ ನಡುವಿನಿಂದ ಫೆಬ್ರವರಿಯ ಕೆಲವು ವಾರ, ಅಷ್ಟೇ ಈ ಹಾಸಿನ ಆಯುಷ್ಯ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡುತ್ತದೆ ಎನ್ನುವ ನಮ್ಮ ಹಿರಿಯರ ಮಾತು ಝಂಸ್ಕಾರಿನ ಚಳಿಗೆ ಹೊಂದದು, ಗಡ್ಡೆಗೆ ಹೊಂದುತ್ತದೆ. ಸುಮಾರು ಆ ಹೊತ್ತಿಗೆ ಸೂರ್ಯ ಏರಿ, ಹಗಲು ಉದ್ದವಾಗಿ, ರಾತ್ರಿ ಕಟ್ಟಿದ್ದನ್ನು ಮಧ್ಯಾಹ್ನ ಬಿಚ್ಚಲು ತೊಡಗುತ್ತದೆ. ಇನ್ನೊಂದು ಬದಲಾವಣೆಯೂ ಬಂದಿದೆ. ಗಡಿ ರಸ್ತೆಗಳ ಸಂಸ್ಥೆ 298 ಕಿಲೋಮೀಟರಿನ ನಿಮ್ಮು–ಪದುಮ್–ದಾರ್ಚಾ ರಸ್ತೆಯನ್ನು 2024ರ ಮಾರ್ಚ್‌ನಲ್ಲಿ ಕೂಡಿಸಿತು. ಅದು ಇದೇ ಕಮರಿಯ ಗೋಡೆ ಕೊರೆದುಕೊಂಡು ಸಾಗುತ್ತದೆ. ಝಂಸ್ಕಾರಿನ ಗರ್ಭಿಣಿಯೊಬ್ಬಳು ಇನ್ನು ಗಡ್ಡೆಯ ಮೇಲೆ ದಿನಗಟ್ಟಲೆ ಹೊರಿಸಿಕೊಂಡು ಹೋಗಬೇಕಿಲ್ಲ ಎಂಬುದು ದೊಡ್ಡ ಮಾತು, ಚಾರಣಿಗರ ಬೇಸರ ಅದರ ಮುಂದೆ ಚಿಕ್ಕದು.

ಹೋಗಬೇಕೆಂದಿದ್ದರೆ ಹಿಂದಿರುಗುವ ವಿಮಾನದ ಟಿಕೆಟನ್ನು ಮೂರು ನಾಲ್ಕು ದಿನ ತಡವಾಗಿ ತೆಗೆದುಕೊಳ್ಳಿ. ‘ನಾಳೆ ಹೊರಡಲೇಬೇಕು’ ಎಂಬ ಅವಸರದಿಂದಲೇ ಜನ ಮೋಡದ ರಾತ್ರಿಯ ಮರುದಿನ ನದಿಗಿಳಿಯುತ್ತಾರೆ. ನಿಮ್ಮ ಮಾರ್ಗದರ್ಶಕ ಗಡ್ಡೆ ಕುಟ್ಟಿ ನೋಡಿ ‘ಇವತ್ತು ಬೇಡ’ ಎಂದರೆ, ಕೊಟ್ಟ ದುಡ್ಡಿನ ಮಾತೆತ್ತದೆ ಡೇರೆಗೆ ಮರಳಿ.